ಎರಡು ಸಿಸ್ಟಮ್, ಒಂದೇ ಜೋಡಿ ಕಣ್ಣು

ಸತ್ತವರ ಕಣ್ಣು ತೆರೆಸುವುದು ನನ್ನ ಕಸುಬಿನ ಒಂದು ಭಾಗ. ಅಫಜಲಪುರದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಫೋಟೊ ಸ್ಟುಡಿಯೊ ನಡೆಸಿದವನಿಗೆ ಇದು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಲ್ಲ, ಮುಚ್ಚಿಡುವ ಮಾತೂ ಅಲ್ಲ. ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿ, ಬಂದವರು ಎದುರಿಗೆ ಕೂತು ಭಜನೆ ಮಾಡುತ್ತಾರೆ. ಆಗ ಸ್ಟುಡಿಯೊಕ್ಕೆ ಫೋನ್ ಬರುತ್ತದೆ. ಮೊಬೈಲು ಬರುವ ಮೊದಲು ಹಳ್ಳಿಯ ಎಷ್ಟೋ ಹೆಂಗಸರಿಗೆ ಜೀವಮಾನದಲ್ಲಿ ಇದ್ದ ಒಂದೇ ಫೋಟೊ ಅದು. ಮೂರು ದಿನ ಬಿಟ್ಟು ಮಗನೋ ಅಳಿಯನೋ ಅಂಗಡಿಗೆ ಬಂದು, ಗಾಜಿನ ಕಟ್ಟು ಹಾಕಿಸಬೇಕು, ಜರಾ ಕಣ್ಣು ತೆರೆಸಿಬಿಡ್ರಿ ಎನ್ನುತ್ತಾನೆ. ಸತ್ತವಳ ಮಗಳದೋ ತಂಗಿಯದೋ ಒಂದು ಫೋಟೊ ತರಲು ಹೇಳುತ್ತೇನೆ. ಅದರಿಂದ ಕಣ್ಣು ಕತ್ತರಿಸಿ ಇದಕ್ಕೆ ಹಚ್ಚುತ್ತೇನೆ, ಅಂಚು ಕರಗಿಸುತ್ತೇನೆ, ನೆರಳು ಸರಿಮಾಡುತ್ತೇನೆ. ಅವರು ನೋಡಿ, ಎದ್ದು ಕೂತಂಗ ಆಗ್ಯಾದ ನೋಡ್ರಿ ಎಂದು ಕಣ್ಣೊರೆಸಿಕೊಂಡು ಹೋಗುತ್ತಾರೆ.

ಈ ಕೆಲಸ ನಾನು ಮೊದಲು ಮಾಡಿದ್ದು ನನ್ನ ಹಡೆದವ್ವನಿಗೆ.

ಅವ್ವ ಆಳಂದ ಕಡೆಯವಳು. ಭೀಮಾ ದಂಡೆಯ ಮಣ್ಣೂರಿಗೆ ಸೊಸೆಯಾಗಿ ಬಂದಳು, ನನ್ನನ್ನು ಹೆತ್ತಳು, ಆಮೇಲೆ ಎರಡು ಸಲ ಹೊಟ್ಟೆ ನಿಲ್ಲಲಿಲ್ಲ. ಇನ್ನು ಆಗುವುದಿಲ್ಲ ಎಂದು ಡಾಕ್ಟರರು ಹೇಳಿದರಂತೆ. ಇಷ್ಟು ದೊಡ್ಡ ಮನೆಗೆ ಒಂದೇ ಗಂಡು ಸಾಲದು ಎಂದು ಅಪ್ಪ, ಅಪ್ಪನ ಅಣ್ಣತಮ್ಮಂದಿರು ಎಲ್ಲ ಸೇರಿ ಮಾತಾಡಿ, ಅವ್ವನ ಸ್ವಂತ ತಂಗಿಯನ್ನೇ ತಂದರು. ಹೊರಗಿನವಳು ಬಂದು ಜಗಳ ಆಡುವುದಕ್ಕಿಂತ ಮನೆಯವಳೇ ಆದರೆ ಒಳ್ಳೆಯದಲ್ಲವೆ, ಹೀಗೆ ಅವರ ಬುದ್ಧಿವಂತಿಕೆ. ಆಗ ನನಗೆ ಎಂಟು ವರ್ಷ. ಅವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು. ಚಿಕ್ಕವ್ವ ಬಂದ ತಿಂಗಳಿಗೇ ಮನೆಯ ಕೀಲಿಕೈ ಗೊಂಚಲು ಅವ್ವನ ಸೊಂಟದಿಂದ ಚಿಕ್ಕವ್ವನ ಸೊಂಟಕ್ಕೆ ಹೋಯಿತು. ಅವ್ವನ ಹಾಸಿಗೆ ಜೋಳದ ಚೀಲ ಇಡುವ ಕೋಣೆಗೆ ಹೋಯಿತು. ಯಾರೂ ಕೂಗಾಡಲಿಲ್ಲ. ನಮ್ಮದು ಮರ್ಯಾದಸ್ತರ ಮನೆ.

ಹದಿನಾಲ್ಕು ವರ್ಷ ಹಾಗೇ ಇದ್ದು ಅವ್ವ ಸತ್ತಳು. ಅಷ್ಟೊತ್ತಿಗೆ ನಾನು ಅಫಜಲಪುರದ ಸ್ಟುಡಿಯೊದಲ್ಲಿ ಕೆಲಸ ಕಲಿತು, ಕಲಿಸಿದ ಗುರುಗಳು ಕಣ್ಣು ಮಂಜಾಗಿ ಮನೆಗೆ ಕೂತ ಮೇಲೆ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಕೂಡಿಸಿದ ಅವ್ವನ ಫೋಟೊವನ್ನು ನಾನೇ ತೆಗೆದೆ. ಬೇರೆ ಫೋಟೊ ಇರಲಿಲ್ಲ. ಕಣ್ಣು ತೆರೆಸಬೇಕಾಯಿತು. ಅವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ, ತಂಗಿ ಅಂದರೆ ಚಿಕ್ಕವ್ವ ಒಬ್ಬಳೇ. ರೇಷನ್ ಕಾರ್ಡಿಗೆ ಬೇಕು ಎಂದು ಸುಳ್ಳು ಹೇಳಿ ಅವಳನ್ನು ಸ್ಟುಡಿಯೊಕ್ಕೆ ಕರೆಸಿ, ಸ್ಟೂಲಿನ ಮೇಲೆ ಕೂಡಿಸಿ, ಲೆನ್ಸ್ ನೋಡು ಎಂದೆ. ಅವಳು ನೋಡಿದಳು. ಆ ಕಣ್ಣನ್ನು ಕತ್ತರಿಸಿ ಅವ್ವನ ಮುಖಕ್ಕೆ ಹಚ್ಚಿದೆ. ಅಕ್ಕತಂಗಿಯರು, ಹಣೆ ಮೂಗು ಒಂದೇ ಅಚ್ಚು, ಕಸುಬಿನ ಲೆಕ್ಕದಲ್ಲಿ ಇದಕ್ಕಿಂತ ಸರಿಯಾದ ಜೋಡಿ ಸಿಗುತ್ತಿರಲಿಲ್ಲ. ಅಪ್ಪ ನೋಡಿ, ಥೇಟ್ ಅದಾಳ ಎಂದ. ಪಡಸಾಲೆಯ ಗೋಡೆಗೆ ಕಟ್ಟು ಏರಿತು. ಒಬ್ಬಳ ಮುಖದಲ್ಲಿ ಇನ್ನೊಬ್ಬಳ ಕಣ್ಣು ಇಪ್ಪತ್ತು ವರ್ಷ ಪಡಸಾಲೆಯನ್ನು ನೋಡುತ್ತ ಕೂತಿತ್ತು.

ಆ ಇಪ್ಪತ್ತು ವರ್ಷದಲ್ಲಿ ಆ ಫೋಟೊದ ಬಗ್ಗೆ ಒಂದು ಮಾತು ಆಡಿದ್ದು ಚಿಕ್ಕವ್ವ ಮಾತ್ರ. ಪ್ರತಿ ಸೋಮವಾರ ಅವಳೇ ಸ್ಟೂಲು ಹತ್ತಿ ಗಾಜು ಒರೆಸಿ ಹೂವು ಹಾಕುತ್ತಿದ್ದಳು. ಒಂದು ಸೋಮವಾರ ನಾನು ಊಟಕ್ಕೆ ಕೂತಿದ್ದೆ. ಅವಳು ಸೆರಗಿನಿಂದ ಗಾಜು ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಅಕ್ಕ ನನ್ನ ಹಿಂಗ ಯಾವತ್ತೂ ನೋಡಿಲ್ಲೋ."

ನಾನು ಇನ್ನೊಂದು ರೊಟ್ಟಿ ಮುರಿದೆ. ಅಕ್ಕನ ಜಾಗಕ್ಕೆ ಬಂದವಳು, ವಯಸ್ಸಾದ ಮೇಲೆ ಪಶ್ಚಾತ್ತಾಪ ಪಡುತ್ತಿದ್ದಾಳೆ, ಪಡಲಿ ಬಿಡು ಎಂದುಕೊಂಡೆ. ನನಗೆ ಅವಳ ಮೇಲೆ ಸಿಟ್ಟು ಇತ್ತು. ಅವಳು ನನಗೆ ಒಂದು ದಿನವೂ ಕೆಟ್ಟದ್ದು ಮಾಡಿರಲಿಲ್ಲ, ಅದಕ್ಕೇ ಆ ಸಿಟ್ಟು ಇನ್ನೂ ಜಾಸ್ತಿ.

ಈ ವರ್ಷ ಜೋಳದ ರಾಶಿ ಮುಗಿದ ಹೊತ್ತಿಗೆ ಚಿಕ್ಕವ್ವ ತೀರಿಕೊಂಡಳು. ಮಣ್ಣಾದ ಮರುದಿನ ತಮ್ಮ ಸ್ಟುಡಿಯೊಕ್ಕೆ ಬಂದ. ತಮ್ಮ ಅಂದರೆ ಚಿಕ್ಕವ್ವನ ಮಗ, ಹೊಲಮನಿ ನೋಡಿಕೊಂಡು ಊರಲ್ಲೇ ಇರುವವನು, ನನ್ನನ್ನು ಬಾಯಿತುಂಬ ಅಣ್ಣ ಎನ್ನುವವನು. ಹನ್ನೊಂದನೇ ದಿನ ಗಣಾರಾಧನೆ, ಊರಿಗೆಲ್ಲ ಊಟ, ಅಷ್ಟರಲ್ಲಿ ನಮ್ಮವ್ವನ ಫೋಟೊ ದೊಡ್ಡದು ಮಾಡಿ ಕಟ್ಟು ಹಾಕಿಸಬೇಕು, ದೊಡ್ಡವ್ವನ ಫೋಟೊ ಅಳತೆಗೇ ಇರಲಿ, ಎರಡನ್ನೂ ಒಂದರ ಪಕ್ಕ ಒಂದು ಹಾಕೋಣ ಎಂದ. ಕಿಸೆಯಿಂದ ಒಂದು ಸಣ್ಣ ಫೋಟೊ ತೆಗೆದು ಟೇಬಲ್ ಮೇಲೆ ಇಟ್ಟ. ನಾನು ಸ್ಟೂಲಿನ ಮೇಲೆ ಕೂಡಿಸಿ ತೆಗೆದಿದ್ದ ಅದೇ ಫೋಟೊ. ಅವಳು ಅದನ್ನು ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟುಕೊಂಡಿದ್ದಳಂತೆ. ನಾನು ಸತ್ತರ ಇದನ್ನೇ ಹಾಕ್ರಿ, ಬ್ಯಾನಿ ಬಿದ್ದಾಗ ಮೊಬೈಲ್‌ನಾಗ ತೆಗದದ್ದು ಹಾಕಬ್ಯಾಡ್ರಿ ಎಂದು ಹೇಳಿದ್ದಳಂತೆ.

ಎರಡು ಕಟ್ಟು ಪಕ್ಕಪಕ್ಕ, ಎರಡರಲ್ಲೂ ಒಂದೇ ಕಣ್ಣು. ಹೋಲುವ ಕಣ್ಣಲ್ಲ, ಅದೇ ಕಣ್ಣು. ಎಡಗಣ್ಣಿನಲ್ಲಿ ಸ್ಟುಡಿಯೊ ದೀಪದ ಅದೇ ಬಿಳಿ ಚುಕ್ಕೆ, ಅದೇ ಕಡೆ ಓರೆಯಾದ ಅದೇ ರೆಪ್ಪೆ. ಊರಿಗೆ ಊರೇ ಬಂದು ಎದುರಿಗೆ ಕೂರುತ್ತದೆ, ಮಾಡಲು ಬೇರೆ ಕೆಲಸವಿಲ್ಲದೆ ಗೋಡೆ ನೋಡುತ್ತದೆ. ಒಬ್ಬ ಕಂಡುಹಿಡಿದರೆ ಸಾಕು. ಅವ್ವನ ಜಾಗ ಹೋಯಿತು, ಕೀಲಿಕೈ ಹೋಯಿತು, ಕಡೆಗೆ ಕಣ್ಣನ್ನೂ ತೆಗೆದು ಸವತಿಯದು ಹಚ್ಚಿದ ಮಗ ಎಂದು ನನ್ನ ಹೆಸರು ಹೇಳುತ್ತಾರೆ. ಹೇಳಿದರೆ ಸುಳ್ಳೂ ಅಲ್ಲ.

ಚಿಕ್ಕವ್ವನ ಕಣ್ಣನ್ನೇ ಸ್ವಲ್ಪ ತಿದ್ದಿಬಿಟ್ಟರೆ ಸುಲಭವಾಗಿ ಮುಗಿಯುತ್ತಿತ್ತು. ಮೌಸ್ ಹಿಡಿದೂ ಕೂತೆ. ಆದರೆ ಒಂದು ಸಲ ಅವಳ ಕಣ್ಣು ಕದ್ದವನು, ಸತ್ತ ಮೇಲೆ ಮತ್ತೆ ಅವಳದ್ದಕ್ಕೇ ಕೈ ಹಾಕುವುದೆ? ಅಷ್ಟಾದರೂ ನಾಚಿಕೆ ಉಳಿದಿತ್ತು. ಅವ್ವನಿಗೆ ಅವ್ವನ ಕಣ್ಣನ್ನು ವಾಪಸು ಕೊಡಬೇಕು, ಹನ್ನೊಂದನೇ ದಿನದೊಳಗೆ ಕೊಡಬೇಕು ಎಂದು ನಿಶ್ಚಯ ಮಾಡಿದೆ.

ಅವ್ವ ಕಣ್ಣು ತೆರೆದುಕೊಂಡಿದ್ದ ಒಂದು ಚಿತ್ರ ಇತ್ತು. ಇದ್ದದ್ದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದೆ ಅಷ್ಟೆ. ಅಪ್ಪನ ಎರಡನೇ ಮದುವೆಯ ಫೋಟೊ ತೆಗೆದದ್ದು ನನ್ನ ಗುರುಗಳೇ. ಅವರು ಅಂಗಡಿಯ ಜೊತೆ ನನಗೆ ಬಿಟ್ಟುಹೋದ ತಗಡಿನ ಪೆಟ್ಟಿಗೆಯಲ್ಲಿ ತಾಲ್ಲೂಕಿನ ಅರ್ಧ ಮದುವೆಗಳ ನೆಗೆಟಿವ್ ಇದೆ. ಅದರಲ್ಲಿ ಆ ಮದುವೆಯ ಫಿಲ್ಮ್ ಪಟ್ಟಿ ಸಿಕ್ಕಿತು. ಒಂದು ಚೌಕದಲ್ಲಿ ಮದುಮಕ್ಕಳ ಸುತ್ತ ಎಲ್ಲರೂ ಸಾಲಾಗಿ ಸೇರಿದ ಚಿತ್ರ. ಹಿಂದಿನ ಸಾಲಿನ ತುದಿಯಲ್ಲಿ ಆರತಿ ತಟ್ಟೆ ಹಿಡಿದ ಒಬ್ಬಳು, ಅವಳ ಮುಖ ಒಂದು ಎಳ್ಳಿನಷ್ಟು. ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ನೋಡಿದೆ. ಕಣ್ಣಿನ ಜಾಗದಲ್ಲಿ ಎರಡು ಮಸಿ ಕಾಣಿಸಿತು, ಅಷ್ಟೆ. ಸೊಲ್ಲಾಪುರದ ಲ್ಯಾಬ್‌ಗಳಿಗೆ ಫೋನ್ ಮಾಡಿದೆ. ಫಿಲ್ಮಿನ ಮಶಿನ್‌ಗಳೆಲ್ಲ ಎಂದೋ ಗುಜರಿಗೆ ಹೋದವು ಎಂದು ನಕ್ಕರು.

ನಕ್ಕವರ ಮೇಲೆ ಸಿಟ್ಟು ಬಂದು, ನನ್ನದೇ ಅಟ್ಟದ ಮೇಲಿದ್ದ ಹಳೇ ಸ್ಕ್ಯಾನರ್ ಇಳಿಸಿದೆ. ಅದು ಫಿಲ್ಮ್ ಓದುವುದಕ್ಕೆಂದೇ ಮಾಡಿದ ಯಂತ್ರ. ಎಳ್ಳಿನಷ್ಟು ಮುಖವನ್ನು ಅಂಗೈಯಷ್ಟು ಮಾಡಿ ಕೊಡುತ್ತಿತ್ತು. ಕೆಟ್ಟಿರಲಿಲ್ಲ. ಆದರೆ ಅದರ ಜೊತೆ ಮಾತಾಡಲು ಕಂಪ್ಯೂಟರಿಗೆ ಒಂದು ಸಣ್ಣ ಪ್ರೋಗ್ರಾಮು ಬೇಕು, ಡ್ರೈವರ್ ಎನ್ನುತ್ತಾರೆ. ಆ ಡ್ರೈವರ್ ಹಳೇ ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಬರೆದದ್ದು. ಹಸಿರು ದಿಬ್ಬ, ನೀಲಿ ಆಕಾಶದ ಚಿತ್ರದೊಂದಿಗೆ ತೆರೆದುಕೊಳ್ಳುತ್ತಿತ್ತಲ್ಲ, ಅದಕ್ಕೆ. ಈಗ ನನ್ನ ಕಂಪ್ಯೂಟರಿನಲ್ಲಿ ಇರುವ ಹೊಸ ಸಿಸ್ಟಮ್ಮು ಸ್ಕ್ಯಾನರಿನ ವಯರ್ ಚುಚ್ಚಿದಾಗ, ಗುರುತಿಲ್ಲದ ಸಾಧನ ಎಂದು ಒಂದು ಸಾಲು ತೋರಿಸಿ ಸುಮ್ಮನಾಯಿತು. ಹಳೇ ಕಂಪ್ಯೂಟರನ್ನು ನಾನೇ ತೂಕಕ್ಕೆ ಹಾಕಿದ್ದೆ. ಉಳಿದದ್ದು ಒಂದೇ ದಾರಿ. ಹೊಸದು ಇರುವ ಕಂಪ್ಯೂಟರಿನಲ್ಲೇ, ಅದರ ಪಕ್ಕಕ್ಕೆ, ಹಳೇದನ್ನೂ ಹಾಕಿಕೊಳ್ಳಬೇಕು.

ಹೀಗೆ ಎರಡು ಸಿಸ್ಟಮ್ ಒಂದೇ ಡಬ್ಬಿಯಲ್ಲಿ ಇರಬಹುದು ಎಂದು ಕೇಳಿದ್ದೆ, ಮಾಡಿರಲಿಲ್ಲ. ಹೇಗೂ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವನು, ಯಾರನ್ನು ಏನು ಕೇಳುವುದು ಎಂಬ ಧಿಮಾಕು ಬೇರೆ. ಹಾರ್ಡ್ ಡಿಸ್ಕಿನಲ್ಲಿ ಒಂದು ಪಾಲು ಬಿಡಿಸಿದೆ. ಡ್ರಾಯರ್ ತಳದಲ್ಲಿದ್ದ ಹಳೇ ಸಿ.ಡಿ.ಯನ್ನು ಅಂಗಿಯ ಚುಂಗಿನಿಂದ ಒರೆಸಿ ಹಾಕಿದೆ. ಮೊದಲ ಸಲ ಸ್ವಲ್ಪ ಓಡಿ ನೀಲಿ ಪರದೆ ಬಿದ್ದು ನಿಂತಿತು. ಈ ಕಾಲದ ಡಿಸ್ಕು ಹಳೇದರ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೆ ಕಾಣುವ ಹಾಗೆ ಒಂದು ಸೆಟ್ಟಿಂಗ್ ಬದಲಿಸಬೇಕು ಎಂದು ತಿಳಿಯಲು ಒಂದು ಮಧ್ಯಾಹ್ನ ಹೋಯಿತು. ಬಿಸಿಲಿಗೆ ಶಟರ್ ಅರ್ಧ ಇಳಿಸಿ ಕೂತಿದ್ದೆ. ಕರೆಂಟು ಎರಡು ಸಲ ಹೋಗಿ ಬಂತು. ಕಡೆಗೆ ಹಸಿರು ದಿಬ್ಬ ಮೂಡಿತು. ಸತ್ಯ ಹೇಳುತ್ತೇನೆ, ಹಳೇ ಗೆಳೆಯ ಬಾಗಿಲಿಗೆ ಬಂದಷ್ಟು ಖುಷಿಯಾಯಿತು.

ಖುಷಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡುವ ತನಕ ಇತ್ತು. ಮತ್ತೆ ಹಸಿರು ದಿಬ್ಬವೇ ಬಂತು. ಹೊಸ ಸಿಸ್ಟಮ್ ಎಲ್ಲೂ ಇಲ್ಲ. ಯಾವುದು ಬೇಕು ಎಂದು ಕೇಳುವುದೂ ಇಲ್ಲ, ನೇರವಾಗಿ ದಿಬ್ಬ. ಮತ್ತೆ ಮತ್ತೆ ಚಾಲೂ ಮಾಡಿದೆ, ಅದೇ ದಿಬ್ಬ. ಕೊಳಕೂರಿನ ಒಂದು ಮನೆಯವರ ಮದುವೆ ಆಲ್ಬಮ್ ಅರ್ಧ ಕಟ್ಟಿದ್ದು ಹೊಸದರೊಳಗೆ ಇತ್ತು. ಅದನ್ನು ಕಟ್ಟುವ ಪ್ರೋಗ್ರಾಮು ಹಳೇದರಲ್ಲಿ ತೆರೆಯುವುದಿಲ್ಲ. ಆಗ ಕೂತು ಸ್ಕ್ಯಾನ್ ಮಾಡಬಹುದಿತ್ತು, ಹಳೇದು ಎದುರಿಗೇ ತೆರೆದಿತ್ತು. ಮಾಡಲಿಲ್ಲ. ಯಾರದೋ ಮದುವೆಯ ಆಲ್ಬಮ್ ಹೋಯಿತಲ್ಲ ಎಂದು ಒದ್ದಾಡುವ ಭರದಲ್ಲಿ ಅವ್ವನ ಕಣ್ಣು ಮತ್ತೆ ಹಿಂದಿನ ಸಾಲಿಗೆ ಹೋಯಿತು. ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ.

ಜೇವರ್ಗಿಯಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಕಲಬುರಗಿಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡುವಾಗ ನನ್ನ ಪಕ್ಕದ ಕುರ್ಚಿಯವಳು, ಈಗ ಜೇವರ್ಗಿಯಲ್ಲೇ ಟೈಪಿಂಗ್ ಅಂಗಡಿ ಇಟ್ಟಿದ್ದಾಳೆ. ಅವಳ ಹತ್ತಿರ ಎರಡು ಸಿಸ್ಟಮ್ ಇರುವ ಕಂಪ್ಯೂಟರ್ ಇರುವುದು ನನಗೆ ಗೊತ್ತಿತ್ತು. ಅಂದೋಲಾ ಕಡೆಯ ಮಂದಿ ಮೊದಲಿನಿಂದ ಅವಳಲ್ಲಿ ಮಾಡಿಸಿದ ಪುಸ್ತಿಕೆಗಳು, ಲಗ್ನಪತ್ರಿಕೆಗಳು ಎಲ್ಲ ಹಳೇ ಕನ್ನಡ ಟೈಪಿಂಗ್ ಪ್ರೋಗ್ರಾಮಿನಲ್ಲಿವೆ, ಅದು ಹೊಸದರಲ್ಲಿ ತೆರೆದರೆ ಅಕ್ಷರ ಚಿಂದಿಯಾಗುತ್ತದೆ. ಫೋನ್ ಮಾಡಿದರೆ, ಡಬ್ಬಿ ತಗೊಂಡು ಬಾ ಎಂದಷ್ಟೇ ಹೇಳಿ ಇಟ್ಟಳು. ಸಿ.ಪಿ.ಯು.ವನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕೂಸು ಮಲಗಿದೆ ಎಂದುಕೊಂಡು ಪಕ್ಕದ ಹೆಂಗಸು ಬಿಸಿಲು ಬೀಳದಂತೆ ಪರದೆ ಸರಿಸಿದಳು. ನಾನು ಹೂಂ ಎಂದೆ.

ಗೆಳತಿ ಡಬ್ಬಿ ಜೋಡಿಸಿ, ಚಾಲೂ ಮಾಡಿ, ಹಸಿರು ದಿಬ್ಬ ನೋಡಿ, ನನ್ನ ಮುಖ ನೋಡಿದಳು. ಹೊಸದಿರುವಾಗ ಹಳೇದನ್ನು ಆಮೇಲೆ ಹಾಕಿದಿಯಾ ಎಂದು ಕೇಳಿದಳು. ಹೌದೆಂದೆ. ಹಣೆ ಬಡಿದುಕೊಂಡಳು. ಯಾವಾಗಲೂ ಹಳೇದನ್ನು ಮೊದಲು ಹಾಕಬೇಕು, ಹೊಸದನ್ನು ಆಮೇಲೆ, ಇಷ್ಟು ಗೊತ್ತಿಲ್ಲವೆ ಎಂದು ಬೈದಳು. ಅದ್ಯಾಕೆ ಹಾಗೆ ಎಂದು ಕೇಳಿದೆ.

"ಹಳೇದಕ್ಕ ಹೊಸದು ಅಂಬೋದು ಒಂದ ಅದ ಅಂತ ಗೊತ್ತೇ ಇರಲ್ಲಲೇ. ಇದು ಬರೋಕಿಂತ ಮೊದಲ ಅದನ್ನ ಮಾಡ್ಯಾರ. ಬಂದ ಕೂಡ್ಲೇ ಮನಿ ಎಲ್ಲಾ ನಂದೇ ಅಂತ ಬಾಗಲದಾಗ ಕುಂದರ್ತದ. ಹೊಸದಕ್ಕ ಹಳೇದರ ಗುರ್ತು ಇರ್ತದ. ಬಾಗಲ ಹೊಸದರ ಕೈಯಾಗ ಕೊಡು, ಅದು ಹಳೇದಕ್ಕೂ ಜಾಗಾ ಕೊಡ್ತದ."

ಅವಳು ನನ್ನ ಮನೆಯ ಕಥೆ ಗೊತ್ತಿದ್ದು ಹೇಳಿದ್ದಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ನಮ್ಮ ಮನೆಯಲ್ಲೂ ಬಾಗಿಲು ಹೊಸದರ ಕೈಗೇ ಹೋಗಿತ್ತು, ಹಳೇದಕ್ಕೂ ಜಾಗ ಸಿಕ್ಕಿತ್ತು, ಜೋಳದ ಚೀಲದ ಕೋಣೆಯಲ್ಲಿ. ಬಾಗಿಲಲ್ಲಿ ಕೂತು ಎಲ್ಲ ನಂದೇ ಅನ್ನುವ ಧೈರ್ಯ ಅವ್ವನಿಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಹೊತ್ತು ಅನಿಸಿತು. ಗೆಳತಿ ಹೊಸದರ ಡಿಸ್ಕು ಹಾಕಿ, ಕಪ್ಪು ಪರದೆಯಲ್ಲಿ ಏನೇನೋ ಆಜ್ಞೆ ಟೈಪು ಮಾಡಿದಳು. ಮೊದಲು ಹೊಸದನ್ನು ಎಬ್ಬಿಸಿದಳು. ಕೊಳಕೂರಿನ ಆಲ್ಬಮ್ ಇದ್ದ ಹಾಗೇ ಇತ್ತು. ಆಮೇಲೆ ಹಳೇದರ ಹೆಸರನ್ನು ಅದರ ಪಟ್ಟಿಗೆ ಸೇರಿಸಿದಳು. ಈಗ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಹೆಸರು ಬರುತ್ತವೆ, ಮೇಲೆ ಹೊಸದು, ಕೆಳಗೆ ಹಳೇದು, ಮೂವತ್ತು ಸೆಕೆಂಡು ಕಾಯುತ್ತದೆ, ಆರಿಸದಿದ್ದರೆ ತಾನೇ ಹೊಸದಕ್ಕೆ ಹೋಗುತ್ತದೆ ಎಂದು ಹೇಳಿಕೊಟ್ಟಳು. ಚಹಾ ಕುಡಿಸಿ ಕಳಿಸಿದಳು. ಏನಕ್ಕೆ ಇಷ್ಟೆಲ್ಲ ಎಂದು ಕೇಳಿದ್ದಳು. ಒಂದು ಹಳೇ ನೆಗೆಟಿವ್ ಇದೆ ಎಂದಿದ್ದೆ.

ಎಂಟನೇ ದಿನ ಬೆಳಿಗ್ಗೆ ಅಂಗಡಿ ತೆರೆದು, ಕೆಳಗಿನ ಹೆಸರನ್ನು ಆರಿಸಿದೆ. ಹಸಿರು ದಿಬ್ಬ ಬಂತು. ಸ್ಕ್ಯಾನರಿನ ವಯರ್ ಚುಚ್ಚಿದೆ. ಈ ಸಲ ಗುರುತಿಲ್ಲ ಎನ್ನಲಿಲ್ಲ, ಹೆಸರು ಹಿಡಿದು ಕರೆಯಿತು. ಫಿಲ್ಮ್ ಪಟ್ಟಿ ಒಳಗೆ ಹೋಯಿತು, ಗೊರ್ ಎಂದು ಸದ್ದು ಮಾಡಿತು. ಪರದೆಯ ಮೇಲೆ ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಚಪ್ಪರ, ತೋರಣ, ಅಪ್ಪನ ರುಮಾಲು. ಅಪ್ಪನ ಪಕ್ಕ ತಲೆ ಬಗ್ಗಿಸಿ ಕೂತ ಚಿಕ್ಕವ್ವ, ಇನ್ನೂ ಹುಡುಗಿ. ಮುಂದಿನ ಸಾಲಿನಲ್ಲಿ ನಾನು. ಹೊಸ ಅಂಗಿ ಹಾಕಿಕೊಂಡಿದ್ದೇನೆ, ಕೈಯಲ್ಲಿ ಬುಂದಿ ಉಂಡಿ ಇದೆ, ನಗುತ್ತಿದ್ದೇನೆ. ಆ ನಗು ನೋಡಿ ಪರದೆಗೆ ಒಂದು ಬಿಡಬೇಕು ಅನ್ನಿಸಿತು.

ಹಿಂದಿನ ಸಾಲಿನ ತುದಿಯನ್ನು ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರು. ಅವ್ವ ಒಬ್ಬಳೇ ಕ್ಯಾಮೆರಾ ನೋಡುತ್ತಿದ್ದಳು. ಕಣ್ಣು ಅರಳಿಸಿ, ರೆಪ್ಪೆ ಮಿಟುಕಿಸದೆ. ಚಿಕ್ಕವ್ವನ ಕಣ್ಣಿಗೂ ಇವಕ್ಕೂ ಏನೇನೂ ಸಂಬಂಧ ಇರಲಿಲ್ಲ. ಅವಳವು ಉದ್ದಕ್ಕಿದ್ದವು, ಇವು ಗುಂಡಗಿದ್ದವು. ಬಣ್ಣ ಕಪ್ಪಲ್ಲ, ಬೆಲ್ಲದ ಬಣ್ಣ. ಬಲಗಣ್ಣು ಎಡಕ್ಕಿಂತ ಒಂದು ಕೂದಲೆಳೆ ಸಣ್ಣದು. ಮತ್ತು ಆ ಕಣ್ಣಿನಲ್ಲಿ ಅಳು ಇರಲಿಲ್ಲ. ಸಿಟ್ಟು ಇತ್ತು. ಚಪ್ಪರದಲ್ಲಿ ನಿಂತ ಒಬ್ಬೊಬ್ಬರನ್ನೂ ಬಿಡದೆ ಸುಡುವಂಥ ಸಿಟ್ಟು.

ನನಗೆ ಇದು ಗೊತ್ತೇ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ನೆನಪಿನ ಅವ್ವ ಮೆತ್ತನೆಯವಳು, ಎಲ್ಲವನ್ನೂ ನುಂಗಿಕೊಂಡು ಮುಗುಳ್ನಗುವವಳು. ಯಾರ ಮುಂದಾದರೂ ಅವ್ವನ ಮಾತು ತೆಗೆದರೆ, ನಮ್ಮವ್ವ ಭೂಮಿತೂಕದವಳು ಎಂದು ಹೇಳುತ್ತಿದ್ದೆ. ಆ ಮೆತ್ತನೆಯ ನೋಟ ಎಲ್ಲಿಂದ ಬಂದದ್ದು? ಸ್ಟೂಲಿನ ಮೇಲೆ ಕೂತು, ಸತ್ತ ಅಕ್ಕನ ಮಗ ಕರೆದನಲ್ಲ ಎಂದು ಅಂಜುತ್ತ ಲೆನ್ಸ್ ನೋಡಿದ ಚಿಕ್ಕವ್ವನ ನೋಟ ಅದು. ಇಪ್ಪತ್ತು ವರ್ಷ ಗೋಡೆ ನೋಡಿ ನೋಡಿ, ನಾನೇ ಹಚ್ಚಿದ್ದನ್ನು ನಾನೇ ನಂಬಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದ ತಾಯಿಯ ಕಣ್ಣಿನ ಬಣ್ಣ ಗೊತ್ತಿಲ್ಲದ ಮಗ ನಾನು. ಗೊತ್ತಿದ್ದಿದ್ದರೆ ಆ ಕಣ್ಣು ಇವಳಿಗೆ ಒಪ್ಪುತ್ತದೆ ಎಂದು ಅಂದುಕೊಳ್ಳುತ್ತಲೇ ಇರಲಿಲ್ಲ.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುಚ್ಚಿದ ಕಣ್ಣಿನ ಮೂಲ ಫೋಟೊ ಒಂದು ಸಿ.ಡಿ.ಯಲ್ಲಿತ್ತು. ಅದಕ್ಕೆ ಈ ಕಣ್ಣು ಹಚ್ಚಿದೆ. ಯಾವ ಗಿರಾಕಿಗೂ ಅಷ್ಟು ಮನಸ್ಸಿಟ್ಟು ಮಾಡಿಲ್ಲ. ಸಿಟ್ಟನ್ನು ಸ್ವಲ್ಪವೂ ಕಡಿಮೆ ಮಾಡಲಿಲ್ಲ. ಮುಗಿಸಿ ಪ್ರಿಂಟು ತೆಗೆದಾಗ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವ್ವ ನನ್ನನ್ನು ನೋಡಿದಳು. ನನಗೆ ಅವಳ ಎದುರು ನಿಲ್ಲಲಾಗಲಿಲ್ಲ. ಆದರೂ ಹಗುರವಾಯಿತು. ಹತ್ತನೇ ದಿನ ಎರಡು ಕಟ್ಟುಗಳನ್ನು ಸೀರೆಯಲ್ಲಿ ಸುತ್ತಿಕೊಂಡು ಮಣ್ಣೂರಿಗೆ ಹೋದೆ.

ಪಡಸಾಲೆಯಲ್ಲಿ ತಮ್ಮ ಮೊಳೆ ಹೊಡೆದು ಕಾಯುತ್ತಿದ್ದ. ಹಳೇ ಕಟ್ಟನ್ನು ಇಳಿಸಿ ಗೋಡೆಗೆ ಆನಿಸಿದ್ದ. ನಾನು ಮೊದಲು ಚಿಕ್ಕವ್ವನದು ಹಾಕಿದೆ, ಪಕ್ಕದಲ್ಲಿ ಅವ್ವನದು ಹಾಕಿದೆ. ಹಳೇದಕ್ಕೆ ಹುಳ ಬಿದ್ದಿತ್ತು, ಹೊಸದು ಮಾಡಿಸಿದೆ ಎಂದು ತಮ್ಮನಿಗೆ ಹೇಳಿದೆ. ಅವನು ನೋಡಿದ, ಮತ್ತೆ ಕೆಳಗಿದ್ದ ಹಳೇದನ್ನು ನೋಡಿದ. ಅಪ್ಪ ಕಟ್ಟೆಯ ಮೇಲಿನಿಂದ ಎದ್ದು ಕೋಲೂರಿಕೊಂಡು ಒಳಗೆ ಬಂದ. ಅಪ್ಪನಿಗೆ ಕಣ್ಣು ಕಾಣಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಹೋದ ವರ್ಷ ನಾನೇ ಸೊಲ್ಲಾಪುರಕ್ಕೆ ಕರೆದೊಯ್ದು ಪೊರೆ ತೆಗೆಸಿದ್ದೇನೆ, ಆಚೆ ದಂಡೆಯಲ್ಲಿ ಮೇಯುವ ಎಮ್ಮೆ ಯಾರದೆಂದು ಹೇಳುತ್ತಾನೆ. ಚಿಕ್ಕವ್ವನ ಫೋಟೊ ನೋಡಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಪಕ್ಕದ್ದನ್ನು ನೋಡಿದ. ಬಹಳ ಹೊತ್ತು ನೋಡಿದ.

"ಇಕಿ ಯಾರೋ?"

ಅವ್ವ ಎಂದೆ. ಅಪ್ಪ ಇನ್ನೊಮ್ಮೆ ನೋಡಿ ತಲೆ ಅಲ್ಲಾಡಿಸಿದ. ನಿಮ್ಮವ್ವ ಹಿಂಗ ಇದ್ದಿಲ್ಲ, ನಿಮ್ಮವ್ವನ ಮಾರಿ ಎಷ್ಟು ಶಾಂತ ಇತ್ತು, ಇಕಿ ಯಾವಾಕಿನೋ ಜಗಳಕ್ಕ ನಿಂತಂಗ ಅದಾಳ ಎಂದು ಹೇಳಿ, ಕೆಳಗಿದ್ದ ಹಳೇ ಕಟ್ಟನ್ನು ಕೋಲಿನಿಂದ ತೋರಿಸಿದ. ಇಪ್ಪತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿದ ಗಂಡ. ಅವನನ್ನು ಅವಳು ಯಾವತ್ತಾದರೂ ಆ ಕಣ್ಣೆತ್ತಿ ನೋಡಿರಬೇಕು, ಅವನು ನೋಡಿರಬೇಕಲ್ಲ. ನಾನು ಕಿರುಚಬಹುದಿತ್ತು. ಇದೇ ಅವಳ ಕಣ್ಣು, ನಿನ್ನ ಎರಡನೇ ಮದುವೆಯ ದಿನದ್ದು, ಹಳೇ ಕಟ್ಟಿನಲ್ಲಿ ಇರುವವು ಚಿಕ್ಕವ್ವನವು ಎಂದು ಬಿಡಿಸಿ ಹೇಳಬಹುದಿತ್ತು. ಹೇಳಿದ್ದರೆ ಹಚ್ಚಿದವನು ಯಾರು ಎಂಬ ಮಾತು ಬರುತ್ತಿತ್ತು. ತಮ್ಮ ನನ್ನ ಭುಜದ ಮೇಲೆ ಕೈ ಇಟ್ಟು, ಮೆಲ್ಲಗೆ, ಹಳೇದೇ ಇರ್ಲಿ ಬಿಡ್ರಿ ಅಣ್ಣಾ, ನಾಳಿ ಮಂದಿ ಬರ್ತಾರ ಎಂದ. ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನಾನೇ ಸ್ಟೂಲು ಹತ್ತಿ ಇಳಿಸಿದೆ. ನಾನೇ ಹಳೇದನ್ನು ಏರಿಸಿದೆ.

ಮರುದಿನ ಊರೆಲ್ಲ ಬಂತು. ಪಡಸಾಲೆಯಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಕೂತಿತು. ಹೋಳಿಗೆ ಬಡಿಸುತ್ತ ನಾನು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಎರಡು ಕಟ್ಟು, ಒಂದೇ ಜೋಡಿ ಕಣ್ಣು, ಅದೇ ಬಿಳಿ ಚುಕ್ಕೆ. ಈಗ ಯಾರಾದರೂ ಕಂಡುಹಿಡಿಯಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ. ಆಳಂದದಿಂದ ಬಂದ ಅವರ ತವರಿನ ಮುದುಕಿಯೊಬ್ಬಳು ಬಹಳ ಹೊತ್ತು ಗೋಡೆ ನೋಡಿದಳು, ನಾನು ಹೋಳಿಗೆ ಬುಟ್ಟಿ ಹಿಡಿದು ಅವಳೆದುರೇ ನಿಂತೆ. ಅಕ್ಕತಂಗಿ ಎಷ್ಟು ಒಂದೇ ನಮೂನಿ ಕಾಣ್ತಾರ ಎಂದು ಹೇಳಿ ಅವಳು ತುಪ್ಪ ಕೇಳಿದಳು. ಕಂಡುಬಿಡುತ್ತಾರೆ ಎಂದು ಎಂಟು ದಿನ ಸಂಕಟಪಟ್ಟಿದ್ದೆ. ಅವ್ವನ ಕಣ್ಣನ್ನು ನೋಡಿದವರು ಇದ್ದರೆ ತಾನೆ ಕಾಣುವುದು.

ಇಳಿಸಿ ತಂದ ಅವ್ವನ ಕಟ್ಟು ಈಗ ಸ್ಟುಡಿಯೊದಲ್ಲಿದೆ, ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಸ್ಕ್ಯಾನರಿನ ಕೆಲಸ ಮುಗಿಯಿತು, ಹಳೇ ಸಿಸ್ಟಮ್ ತೆಗೆದುಹಾಕಿದರೆ ಡಿಸ್ಕಿನಲ್ಲಿ ಜಾಗವಾಗುತ್ತದೆ ಎಂದು ಗೆಳತಿ ಫೋನಿನಲ್ಲಿ ಹೇಳಿದಳು. ತೆಗೆದಿಲ್ಲ. ದಿನಾ ಬೆಳಿಗ್ಗೆ ಎರಡು ಹೆಸರು ಬರುತ್ತವೆ, ಮೂವತ್ತು ಸೆಕೆಂಡು ಕಾಯುತ್ತವೆ, ನಾನು ಕೈಕಟ್ಟಿ ಕೂತಿರುತ್ತೇನೆ, ಹೊಸದು ತಾನೇ ತೆರೆದುಕೊಳ್ಳುತ್ತದೆ. ಆ ಮೂವತ್ತು ಸೆಕೆಂಡಿನಲ್ಲಿ ಸೋಮವಾರದ ಆ ಮಾತು ನೆನಪಾಗುತ್ತದೆ. ಅಕ್ಕ ನನ್ನ ಹಿಂಗ ಯಾವತ್ತೂ ನೋಡಿಲ್ಲೋ ಎಂದಿದ್ದಳು. ಅದು ಪಶ್ಚಾತ್ತಾಪ ಆಗಿರಲಿಲ್ಲ. ಗಾಜಿನಾಚೆ ಇರುವುದು ತನ್ನದೇ ಕಣ್ಣು ಎಂದು ಅವಳಿಗೆ ತಿಳಿದಿತ್ತು. ಆ ಮನೆಯಲ್ಲಿ ಅವ್ವನ ಕಣ್ಣು ಹೇಗಿದ್ದವು ಎಂದು ನೆನಪಿಟ್ಟುಕೊಂಡಿದ್ದವಳು ಚಿಕ್ಕವ್ವ ಒಬ್ಬಳೇ. ಅವಳನ್ನೇ ಕೇಳಬಹುದಿತ್ತು. ಸ್ಟೂಲಿನ ಮೇಲೆ ಎದುರಿಗೇ ಕೂತಿದ್ದಳು. ಲೆನ್ಸ್ ನೋಡು, ಅಲ್ಲಾಡಬೇಡ ಎಂದಷ್ಟೇ ನಾನು ಹೇಳಿದ್ದೆ.